ಕಾಕು ಕೇಳಿದ ಬೀಟ್‌ರೂಟ್ ರಸ

ಮಾತಿನ ಭರದಲ್ಲಿ ಹೇಳಿದ ಸುಳ್ಳನ್ನು ಮುಂದೊಂದು ದಿನ ಮನೆಗೇ ಕರೆದು ಉಪಚರಿಸಬೇಕಾಗುತ್ತದೆ ಎಂದು ನನಗೆ ಮೊನ್ನೆ ಮೊನ್ನೆಯವರೆಗೆ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ಧಾರವಾಡದ ಮಾಳಮಡ್ಡಿಯ ನಮ್ಮ ಓಣಿಯಲ್ಲಿ ನಾಚಿಕೆಯಿಂದ ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡೇ ಓಡಾಡುತ್ತಿದ್ದೇನೆ. ನಮ್ಮ ಆಫೀಸಿಗೆ ಮುಂಬಯಿಯಿಂದ ಹೊಸ ಸಾಹೇಬರು ಬಂದಿದ್ದಾರೆ. ಚಹಾ ಕುಡಿಯುತ್ತಾ ಅವರು, "ಈ ಊರಲ್ಲಿ ವೈನು, ಚೀಸು ಎಲ್ಲಾ ನಡೆಯುತ್ತದೆಯೇ?" ಎಂದರು. ಸೋಡಾಕ್ಕಿಂತ ಮುಂದೆ ಎಂದೂ ಹೋಗದ ನಾನು, "ನಮ್ಮ ಮನೆಯಲ್ಲಿ ಆಗಾಗ ಇರುತ್ತದೆ ಸರ್" ಎಂದುಬಿಟ್ಟೆ. ಹಾಗಾದರೆ ಶನಿವಾರ ಹೆಂಡತಿಯೊಡನೆ ನಿಮ್ಮ ಮನೆಗೇ ಬರುತ್ತೇವೆ ಎಂದರು ಅವರು.

"ನಮ್ಮ ಮನ್ಯಾಗ ಚೀಸ್ ಅಂದ್ರ ಮಗಳ ಡಬ್ಬಿಗೆ ಹಾಕೋ ಚೌಕ ತುಂಡು ಒಂದೇರಿ. ಯಾಕ ಬೇಕಿತ್ತು ಇದೆಲ್ಲಾ?" ಎಂದು ಹೆಂಡತಿ ಸುಧಾ ಹಣೆ ಚಚ್ಚಿಕೊಂಡಳು. ಧಾರವಾಡದಲ್ಲಿ ಬಾಟಲಿ ಕೊಂಡರೆ ಯಾರಾದರೂ ನೋಡಿಯಾರೆಂದು ನಾನು ಹುಬ್ಬಳ್ಳಿಗೆ ಹೋದೆ. ಅಲ್ಲಿ ಕೂಡ, ಅಂಗಡಿಯ ಒಳಗೂ ಹೆಲ್ಮೆಟ್ ತೆಗೆಯಲಿಲ್ಲ. ಅಂಗಡಿಯವನು ಕಳ್ಳನೆಂದುಕೊಂಡು ದುಡ್ಡಿನ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಇನ್ನು ವೈನಿನ ಗ್ಲಾಸುಗಳು ನಮ್ಮಲ್ಲಿ ಎಲ್ಲಿಂದ ಬರಬೇಕು? ಬೇಸಿಗೆಯಲ್ಲಿ ಶರಬತ್ತು ಕೊಡುವ ಹೂವಿನ ಚಿತ್ರದ ಗ್ಲಾಸುಗಳನ್ನೇ ತೊಳೆದಿಟ್ಟೆವು.

ಇಷ್ಟೆಲ್ಲ ಯೋಚಿಸಿದವನು ಬಾಗಿಲಿನ ವಿಷಯ ಯೋಚಿಸಲಿಲ್ಲ. ನಮ್ಮ ಓಣಿಯಲ್ಲಿ ದೀಪ ಹಚ್ಚುವ ಹೊತ್ತಿಗೆ ಯಾರೂ ಮುಂಬಾಗಿಲು ಮುಚ್ಚುವುದಿಲ್ಲ. ಅದು ಲಕ್ಷ್ಮಿ ಬರುವ ಹೊತ್ತು. ಮುಚ್ಚಿತ್ತೆಂದರೆ ಆ ಮನೆಯಲ್ಲಿ ಯಾರಿಗೋ ಏನೋ ಆಗಿದೆ ಎಂದೇ ಲೆಕ್ಕ. ಶನಿವಾರ ಸಂಜೆ ನಾನು ಮುಂಬಾಗಿಲು, ಕಿಟಕಿ ಎಲ್ಲಾ ಭದ್ರ ಮಾಡಿ ಸಾಹೇಬರಿಗೆ, ಅವರ ಹೆಂಡತಿಗೆ, ನಮ್ಮಿಬ್ಬರಿಗೆ ವೈನು ಸುರಿದು ಕುಳಿತಿದ್ದೆ. ಸುಧಾ ತನ್ನ ಗ್ಲಾಸನ್ನು ಮುಟ್ಟಿರಲಿಲ್ಲ. ಅಷ್ಟರಲ್ಲಿ ನಾನು ಮರೆತೇಬಿಟ್ಟಿದ್ದ ಹಿತ್ತಲ ಬಾಗಿಲಿನಿಂದ, ಓಣಿಗೆಲ್ಲಾ ಚಿಕ್ಕಮ್ಮನಂತಿರುವ ಪಕ್ಕದ ಮನೆಯ ಇಂದಿರಾ ಕಾಕು ಏದುಸಿರು ಬಿಡುತ್ತಾ ಒಳಗೆ ಬಂದರು. ಅವ್ವ ಹೋದ ಮೇಲೆ ನನಗೆ ಉಣ್ಣಿಸಿ ಬೆಳೆಸಿದವರು ಅವರು. ಉಳ್ಳಾಗಡ್ಡಿಯನ್ನು ಕೂಡ ಮನೆಯೊಳಗೆ ತಾರದ ಮಡಿಯವರು.

"ಸಂಜೀಮುಂದ ಬಾಗಿಲಾ ಹಾಕ್ಕೊಂಡು ಕೂತೀರಲ್ಲೋ ಸೀನೂ, ಎಲ್ಲಾರೂ ಆರಾಮ ಇದ್ದೀರಿಲ್ಲೋ? ನನಗ ಎದಿ ಧಸಕ್ ಅಂತು" ಎಂದವರು ಮೇಜಿನತ್ತ ನೋಡಿದರು. "ಏನದು, ಕೆಂಪಂದು?"

"ಬೀಟ್‌ರೂಟ್ ರಸಾ, ಕಾಕು. ಸಾಹೇಬ್ರಿಗೆ ರಕ್ತ ಕಡಿಮಿ ಅದ."

"ಹೌದಾ? ನನಗೂ ಡಾಕ್ಟರು ಅದನ್ನ ಕುಡೀರಿ ಅಂದಾರ. ಈ ನೆಗಡ್ಯಾಗ ವಾಸನಿ, ರುಚಿ ಏನೂ ತಿಳೀವಲ್ದು, ಈಗ ಕುಡಿಯೂದ ಛಲೋ" ಎಂದು ಸುಧಾಳ ಗ್ಲಾಸನ್ನು ಎತ್ತಿ ಬಾಯಿಯ ಹತ್ತಿರ ಒಯ್ದೇಬಿಟ್ಟರು.

ನಿಜ ಹೇಳಲು ಒಂದೇ ಮಾತು ಸಾಕಿತ್ತು. ಆದರೆ ಸಾಹೇಬರು ನೋಡುತ್ತಿದ್ದರು, ಕಾಕುವೂ ನೋಡುತ್ತಿದ್ದರು. ನಾನು ಗ್ಲಾಸನ್ನು ಕಸಿದುಕೊಂಡು, ನಿಂತಲ್ಲೇ ಗಟಗಟ ಕುಡಿದುಬಿಟ್ಟೆ.

"ಒಂದ್ ಗುಟುಕು ರಸಕ್ಕ ಹಿಂಗ ಕಸಗೋಬೇಕೇನೋ?" ಎಂದರು ಕಾಕು. ಮೂಗು ಒರೆಸಿಕೊಂಡರೋ, ಕಣ್ಣು ಒರೆಸಿಕೊಂಡರೋ, ನನಗೆ ನೋಡುವ ಧೈರ್ಯವಾಗಲಿಲ್ಲ. ಬಂದ ದಾರಿಯಲ್ಲೇ ಹೊರಟುಹೋದರು. "ಯಾರವರು?" ಎಂದು ಸಾಹೇಬರು ಕೇಳಿದರು. "ಇವರನ್ನು ಬೆಳೆಸಿದವರು" ಎಂದಳು ಸುಧಾ. ಸಾಹೇಬರು ತಮ್ಮ ಗ್ಲಾಸನ್ನು ಮೆಲ್ಲಗೆ ಕೆಳಗಿಟ್ಟರು. ನಾಚಿಕೆಯಿಂದ ನನ್ನ ಕಿವಿಗಳು ಸುಡುತ್ತಿದ್ದವು. ಅದು ವೈನಿನ ಪ್ರಭಾವ ಎಂದು ಅವರ ಹೆಂಡತಿ ತಿಳಿದಿರಬೇಕು.

ಬೆಳಿಗ್ಗೆ ಎದ್ದವನೇ ಕಾಕುವಿಗೆ ಎಲ್ಲಾ ಹೇಳಿ ಕಾಲು ಹಿಡಿಯಬೇಕೆಂದು ಬಾಗಿಲು ತೆರೆದೆ. ಅವರೇ ಎದುರು ನಿಂತಿದ್ದರು. ಒಂದು ಕೈಯಲ್ಲಿ ಸ್ಟೀಲಿನ ಲೋಟ, ಇನ್ನೊಂದರಲ್ಲಿ ತಂಬಿಗೆ.

"ಸಿಟ್ಟ ಮಾಡ್ಕೊಂಡು ಹೋದೆ, ಆಮ್ಯಾಲ ಕೆಟ್ಟ ಅನಿಸ್ತು. ಅಷ್ಟು ಗಡಬಡಿಸಿ ಕುಡದಿ ಅಂದ್ರ ನಿನಗೂ ರಕ್ತ ಭಾಳ ಕಡಿಮಿ ಆಗಿರಬೇಕು. ತಗೋ, ನಾನ ರುಬ್ಬಿ ಸೋಸೇನಿ."

ಅಂದಿನಿಂದ ದಿನಾ ಬೆಳಿಗ್ಗೆ ತರುತ್ತಾರೆ. ಮಣ್ಣಿನ ವಾಸನೆಯ ಆ ರಸವನ್ನು ಅವರೆದುರೇ ನಿಂತು ಕುಡಿಯುತ್ತೇನೆ. ಇವತ್ತಾದರೂ ನಿಜ ಹೇಳಿಬಿಡೋಣವೆಂದು ಬಾಯಿ ತೆರೆಯುತ್ತೇನೆ. ಇನ್ನೂ ಬೇಕೇನೋ ಎಂದುಕೊಂಡು ಅವರು ತಂಬಿಗೆಯಿಂದ ಮತ್ತಷ್ಟು ಸುರಿಯುತ್ತಾರೆ.