ಕುಂಕುಮ ಹಚ್ಚಿದ ರಿವಾಲ್ವರ್

ನಮ್ಮ ಸ್ಯಾನ್ ಮಟಿಯೋ ಮನೆಯಲ್ಲಿ ಏನಾದರೂ ಹೊಸದು ತರುವ ಮಾತೆದ್ದರೆ, ವಸ್ತು ಬರುವುದು ಯಾವಾಗಲೋ, ನಗಲಿಕ್ಕೆ ಒಂದು ಕಾರಣ ಮಾತ್ರ ಮೊದಲೇ ಬಂದು ಕೂತಿರುತ್ತದೆ.

ಡಾಟ್‌ಕಾಮ್ ಭರಾಟೆಯ ಆ ದಿನಗಳಲ್ಲಿ ಎಲ್ಲರೂ ಕಂಪ್ಯೂಟರು, ಕಾರು, ಕೆಲಸ ಬದಲಾಯಿಸುತ್ತಿದ್ದರು. ನಮ್ಮ ಯಜಮಾನರಿಗೆ ಮಾತ್ರ ತಮ್ಮ ಹಳೇ ರಿವಾಲ್ವರ್ ಕೊಟ್ಟು ಹೊಸ ಮಾಡೆಲ್ ತರುವ ಹಂಬಲ ಹತ್ತಿತು. ನಾವು ಕೊಡಗಿನವರು. ಕೈಲ್ ಮುಹೂರ್ತದ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡುತ್ತೇವೆ, ಆಮೇಲೆ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಊರಿನಲ್ಲಿ ಇವರು ಹೊಡೆದರೆ ಕಾಯಿ ಚೂರು. ಇಲ್ಲಿ ಪರದೇಶದಲ್ಲಿ ಕೆಲವು ವರ್ಷಗಳಿಂದ ಕಾಯಿ ಅಲುಗಾಡಿಯೂ ಇರಲಿಲ್ಲ. ಸಾಫ್ಟ್‌ವೇರ್ ಹುಡುಗರು ಹೊಸ ಪಿಸ್ತೂಲು ಹಿಡಿದು ಗೆಲ್ಲುತ್ತಿದ್ದರು.

"ದೋಷ ಕೋವಿಯದು. ಈ ಸಲ ಕಾಯಿ ಒಡೆಯದಿದ್ದರೆ ಇನ್ನು ನಾನು ಹಬ್ಬದ ಕಡೆ ತಲೆ ಹಾಕುವುದಿಲ್ಲ" ಅಂದರು. ಇಡೀ ವರ್ಷ ಆ ಹಬ್ಬಕ್ಕಾಗಿ ಕಾಯುವ ಮನುಷ್ಯ. ನನಗೆ ಭಯವಾಯಿತು.

ಅಂಗಡಿಯಲ್ಲಿ

ಕೋವಿ ಅಂಗಡಿಯವನು ರಿವಾಲ್ವರನ್ನು ತಿರುಗಿಸಿ ನೋಡಿದ. ನಳಿಗೆಯೊಳಗೆ ಕಡ್ಡಿ ಹಾಕಿದ. ಒಣಗಿದ ಚೆಂಡುಹೂವಿನ ಎಸಳು ಉದುರಿದವು. ಹೋದ ಹಬ್ಬದಲ್ಲಿ ಪಂದ್ಯ ಮುಗಿದ ಮೇಲೆ ನಾನೇ ಸಿಕ್ಕಿಸಿದ್ದು.

"ಈ ಕೆಂಪು ಏನು, ತುಕ್ಕೇ?"

"ಕುಂಕುಮ. ಕೋವಿಗೆ ನಾವು ಪೂಜೆ ಮಾಡುತ್ತೇವೆ" ಅಂದರು ಇವರು.

ಅವನು ಥಟ್ಟನೆ ರಿವಾಲ್ವರನ್ನು ಎರಡೂ ಕೈಯಲ್ಲಿ ಹಿಡಿದು ಇವರ ಮುಂದೆ ಮೆಲ್ಲಗೆ ಇಟ್ಟ. "ಸರ್, ಹಳೇ ಕೋವಿಗಾದರೆ ಬೆಲೆ ಕಟ್ಟುತ್ತೇನೆ. ದೇವರಿಗೆ ಹೇಗೆ ಕಟ್ಟಲಿ?"

ಊಟದ ಮೇಜಿನಲ್ಲಿ

ಮಗನ ಸಲಹೆ ಕೇಳಿದರು. ಅವನು ಸಾಫ್ಟ್‌ವೇರ್ ಕಂಪನಿಯವನು.

"ಅಪ್ಪ, ಹೊಸ ಮಾಡೆಲ್ ಅಂದ್ರೆ ಏನೂ ಇಲ್ಲ. ಹಳೇದಕ್ಕೇ ಬಣ್ಣ ಬದಲಾಯಿಸಿ ನಂಬರ್ ಒಂದು ಜಾಸ್ತಿ ಮಾಡೋದು. ನಮ್ಮ ಆಫೀಸಲ್ಲಿ ನಾವು ಮಾಡೋದೂ ಅದನ್ನೇ."

"ಅಷ್ಟಕ್ಕೆ ನಿನಗೆ ಅಷ್ಟೊಂದು ಸಂಬಳ ಯಾಕೋ ಕೊಡ್ತಾರೆ?"

"ಅದನ್ನ ಹೊರಗೆ ಹೇಳದೇ ಇರೋದಕ್ಕೆ."

ಕಾಗದದ ತೆಂಗಿನಕಾಯಿ

ಕೊನೆಗೆ, ಗುರಿ ಅಭ್ಯಾಸದ ಜಾಗದಲ್ಲಿ ಹೊಸ ಮಾಡೆಲ್ ಬಾಡಿಗೆಗೆ ಸಿಗುತ್ತದೆಂದು ಹೊರಟೆವು. ಇವರ ಕೈಯಲ್ಲಿ ಗ್ರೋಸರಿ ಚೀಲ, ಅದರಲ್ಲೊಂದು ತೆಂಗಿನಕಾಯಿ.

"ಇಲ್ಲಿ ಕಾಗದಕ್ಕೆ ಮಾತ್ರ ಹೊಡೀಬೇಕು" ಅಂದ ಅಲ್ಲಿನ ಮೇಲ್ವಿಚಾರಕ.

"ಕಾಗದ ಗಾಳಿಗೂ ಹರಿಯುತ್ತೆ! ಕೋವಿಯ ಯೋಗ್ಯತೆ ಗೊತ್ತಾಗಬೇಕಾದರೆ ಕಾಯಿ ಒಡೀಬೇಕು."

ಪಾಪ, ಒಳ್ಳೆಯ ಮನುಷ್ಯ. ಕಪ್ಪು ಪೆನ್ನು ತಂದು, ನಮ್ಮ ಕಾಯಿಯನ್ನು ಎದುರಿಗಿಟ್ಟುಕೊಂಡು, ಕಾಗದದ ಮೇಲೆ ಜುಟ್ಟು, ಮೂರು ಕಣ್ಣು ಸಮೇತ ತೆಂಗಿನಕಾಯಿ ಬರೆದುಕೊಟ್ಟ. ಇವರು ಗುಂಡುಗಳೆಲ್ಲ ಮುಗಿಯುವವರೆಗೂ ಹೊಡೆದರು. ಕಾಗದಕ್ಕೆ ಗೀರೂ ಬೀಳಲಿಲ್ಲ.

"ಬಾಡಿಗೆಯದ್ದು, ಕೈಗೆ ಒಗ್ಗಲಿಲ್ಲ" ಅಂದರು. ಆವತ್ತು ರಾತ್ರಿ ಕಾಯಿ ಚಟ್ನಿಯಾಯಿತು. ಅದನ್ನು ಒಡೆದದ್ದೂ ನಾನೇ.

ಗಿಲ್‌ರಾಯ್‌ನ ಹಬ್ಬ

ಹಬ್ಬ ಬಂತು. ಗಿಲ್‌ರಾಯ್‌ನಲ್ಲಿ ನಮ್ಮವರೊಬ್ಬರ ಜಮೀನು, ಗಾಳಿಯಲ್ಲಿ ಬೆಳ್ಳುಳ್ಳಿ ವಾಸನೆ, ಗುಡ್ಡಕ್ಕೆ ಬೆನ್ನು ಮಾಡಿದ ಒಂದು ಓಕ್ ಮರ, ಮರದಲ್ಲಿ ಕಾಯಿ. ಪೂಜೆಯಾದ ಮೇಲೆ ಇವರು ನಮ್ಮ ರಿವಾಲ್ವರನ್ನು ಮೇಜಿನ ಮೇಲೆಯೇ ಬಿಟ್ಟು, ಒಬ್ಬ ಹುಡುಗನ ಹೊಸ ಮಾಡೆಲ್ ಕೇಳಿ ಪಡೆದರು. ಮೂರು ಗುಂಡು ಹೊಡೆದರು. ಕಾಯಿ ತನ್ನ ಪಾಡಿಗೆ ತಾನು ತೂಗುತ್ತಿತ್ತು.

ಇವರು ಪಿಸ್ತೂಲು ಹಿಂದಿರುಗಿಸಿ, ಯಾರ ಮುಖವನ್ನೂ ನೋಡದೆ ಕಾರಿನತ್ತ ನಡೆದರು.

ಮಾತು ಬದಲಿಸಲೆಂದು ಯಾರೋ "ಅಕ್ಕ, ನೀವೊಂದು ಹೊಡೀರಿ" ಅಂದರು. ನಾನು ಕೋವಿ ಹಿಡಿದು ಎಷ್ಟು ಕಾಲವಾಗಿತ್ತೋ. ನಾನೂ ತಪ್ಪಿದರೆ ಇವರಿಗೆ ಜೊತೆಯಾದರೂ ಆದೀತೆಂದು ನಮ್ಮ ಹಳೇ ರಿವಾಲ್ವರ್ ಎತ್ತಿ ಗುಂಡು ಹಾರಿಸಿದೆ.

ಕಾಯಿ ಚೂರುಚೂರಾಯಿತು. ಹತ್ತಿರದ ಹುಲ್ಲೆಲ್ಲ ಕಾಯಿನೀರು.

ಇವರ ಮಾನ ಕಳೆದೆನಲ್ಲ! ಇವರು ಕಾರಿನ ಬಳಿಯಿಂದ ದಾಪುಗಾಲು ಹಾಕುತ್ತ ಬಂದರು.

"ನೋಡಿದ್ರಾ? ಕೋವಿ ಯಾರದು ಹೇಳಿ!"

ಸಂಜೆಯವರೆಗೂ ಎಲ್ಲರ ಕೈ ಕುಲುಕಿ ಅಭಿನಂದನೆ ಸ್ವೀಕರಿಸಿದವರು ಅವರೇ. ಮುಂದಿನ ವರ್ಷದ ಹಬ್ಬಕ್ಕೆ ಎಲ್ಲರನ್ನೂ ಕರೆದವರೂ ಅವರೇ.

ಹಿಂದಿರುಗುವಾಗ ಫ್ರೀವೇ ಹತ್ತಿದೆವು. ಇವರು ಮೆಲ್ಲಗೆ ಹೇಳಿದರು: "ಆ ರಿವಾಲ್ವರ್ ಇನ್ನು ನಿನ್ನದು. ಅದನ್ನ ಮಾರೋ ಮಾತೇ ಇಲ್ಲ."

ನನ್ನ ಕಣ್ಣು ತುಂಬಿತು. ಎಷ್ಟೋ ವರ್ಷಗಳ ಸಂಸಾರದಲ್ಲಿ ಇವರು ತಮ್ಮ ಕೋವಿಯಿಂದ ಇನ್ನೊಬ್ಬರು ಒಂದು ಗುಂಡು ಹೊಡೆಯಲೂ ಬಿಟ್ಟವರಲ್ಲ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದೆ.

"ಅಂದ ಮೇಲೆ ನೋಡು, ಈಗ ನನ್ನ ಹತ್ತಿರ ಕೋವಿಯೇ ಇಲ್ಲ. ನಾಳೆ ಅಂಗಡಿ ಎಷ್ಟು ಗಂಟೆಗೆ ತೆಗೀತಾರೆ?"