ಪ್ಲಗ್ಗು ಕಿತ್ತ ಮೇಲಿನ ಪರ್ಫಾರ್ಮೆನ್ಸು

ಅಗ್ಗದ ವಸ್ತುವನ್ನು ಮನೆಯೊಳಗೆ ಬಿಟ್ಟುಕೊಳ್ಳುವ ಜಾಯಮಾನವೇ ನನ್ನದಲ್ಲ! ಕೊಂಡರೆ ಒಂದೇ ಸಲ ಕೊಳ್ಳಬೇಕು, ಮೊಮ್ಮಕ್ಕಳ ಕಾಲದವರೆಗೆ ಬಾಳಬೇಕು, ನೋಡಿದವರ ಕಣ್ಣು ಅಲ್ಲೇ ನೆಟ್ಟುಹೋಗಬೇಕು. ಇದು ನನ್ನ ಸಿದ್ಧಾಂತ. ಈ ಸಿದ್ಧಾಂತದ ಫಲವಾಗಿ ಮೂರೇ ಜನರಿರುವ ನಮ್ಮ ಮನೆಯಲ್ಲಿ ಮದುವೆಮನೆಗೆ ಸಾಲುವಷ್ಟು ದೊಡ್ಡ ಕುಕ್ಕರ್ ಇದೆ. ಎತ್ತಿದವನು ಸಂಜೆಯವರೆಗೆ ನೆಟ್ಟಗೆ ನಿಲ್ಲಲಾಗದಂಥ ಕಳೆ ಕೊಚ್ಚುವ ಮಿಷನ್ ಇದೆ. ತೋಟಕ್ಕೆ ಆಳು ಕರೆಯಲು ಹೋದರೆ ಅವರು ಮೊದಲು ಕೇಳುವುದೇ, "ಆ ಮಿಷನ್ ಹೊರಬೇಕಾ ಸಾರ್? ಹಾಗಾದ್ರೆ ನಾಳೆ ನೋಡೋಣ" ಎಂದು. ಆ ನಾಳೆ ಇನ್ನೂ ಬಂದಿಲ್ಲ.

ಹೀಗಿರುವಾಗ ಮನೆಗೊಂದು ಲ್ಯಾಪ್‌ಟಾಪ್ ಬೇಕಾಯಿತು. ನನಗಲ್ಲ, ನನ್ನ ಹೆಂಡತಿ ದಿವ್ಯಶ್ರೀಗೆ. ಮಗಳು ಹುಟ್ಟಿದಾಗ ಗಣಿತದ ಟೀಚರ್ ಕೆಲಸ ಬಿಟ್ಟವಳು ಅವಳು. ಈಗ ಮಗಳು ಮೈಸೂರಿನ ಹಾಸ್ಟೆಲ್ ಸೇರಿದ್ದಾಳೆ. ಇವಳಿಗೆ ಮತ್ತೆ ಚಾಕ್‌ಪೀಸ್ ಹಿಡಿಯುವ ಆಸೆ. ಸೋಮವಾರಪೇಟೆಯ ಶಾಲೆಯೊಂದಕ್ಕೆ ಅರ್ಜಿ ಹಾಕಿದ್ದಳು. ಬೇರೆ ಎರಡು ಕಡೆ "ಇಷ್ಟು ವರ್ಷ ಮನೇಲಿದ್ರಲ್ಲ, ಅನುಭವ ಇಲ್ವಲ್ಲ" ಎಂದು ಕೈಬಿಟ್ಟಿದ್ದರು. ಇವರು ಮಾತ್ರ, "ಒಂದು ಡೆಮೊ ಕ್ಲಾಸ್ ತಗೊಳ್ಳಿ, ನೋಡ್ತೀವಿ" ಎಂದಿದ್ದರು. ಆಡಳಿತ ಮಂಡಳಿಯವರು ಒಬ್ಬರು ಮಡಿಕೇರಿಯಲ್ಲಿ, ಒಬ್ಬರು ಮೈಸೂರಿನಲ್ಲಿ ಇರುವುದರಿಂದ ಪಾಠ ಆನ್‌ಲೈನ್!

"ರೀ, ನನ್ನ ಮುಖ ಕಾಣಬೇಕು, ಮಾತು ಕೇಳಬೇಕು, ನಾಲ್ಕು ಸ್ಲೈಡ್ ತೋರಿಸಬೇಕು. ಬಜೆಟ್ ಲ್ಯಾಪ್‌ಟಾಪ್ ಸಾಕು" ಎಂದಳು.

"ನಿನ್ನ ಮುಖಕ್ಕೆ ಬಜೆಟ್ಟೇ?" ಎಂದೆ ನಾಟಕದ ರಾಜನಂತೆ.

"ಮದುವೆ ಆಗೋವಾಗ ನಾನೂ ಬಜೆಟ್ ನೋಡಿಯೇ ಒಪ್ಪಿದ್ದು. ಸುಮ್ಮನೆ ಹೋಗಿ ತನ್ನಿ."

ಕುಶಾಲನಗರದ ಅಂಗಡಿಯಲ್ಲಿ ದೀಕ್ಷಿತ್ ಎಂಬ ಯುವಕ ನನ್ನನ್ನು ಬರಮಾಡಿಕೊಂಡ. ತೆಳ್ಳಗಿನ, ಬೂದಿ ಬಣ್ಣದ, ಬಡಪಾಯಿ ಮುಖದ ಲ್ಯಾಪ್‌ಟಾಪೊಂದನ್ನು ಮುಂದಿಟ್ಟ.

"ಅಂಕಲ್, ಪಾಠಕ್ಕೆ, ಮೀಟಿಂಗಿಗೆ ಇದು ಬೇಕಾದಷ್ಟಾಯ್ತು. ಒಂದ್ಸಲ ಚಾರ್ಜ್ ಮಾಡಿದ್ರೆ ಕರೆಂಟ್ ಇಲ್ಲದಿದ್ರೂ ಸಂಜೆ ತನಕ ಬರುತ್ತೆ."

"ಅಲ್ಲಿ ಕಪ್ಪಗೆ ಮಿನುಗ್ತಾ ಇದೆಯಲ್ಲ, ಅದು?"

"ಅದು ಹೈ ಪರ್ಫಾರ್ಮೆನ್ಸ್ ಅಂಕಲ್! ಗೇಮ್ ಆಡೋರು, ಸಿನಿಮಾ ಎಡಿಟ್ ಮಾಡೋರು ತಗೋತಾರೆ. ನೀವು ಯಾವ ಗೇಮ್ ಆಡ್ತೀರಾ?"

ನಾನು ಹುಟ್ಟಿದಾಗಿನಿಂದ ಆಡಿರುವುದು ಚೌಕಾಬಾರ ಒಂದೇ. ಅದರಲ್ಲೂ ಅಮ್ಮನ ಹತ್ತಿರ ಸೋತದ್ದೇ ಹೆಚ್ಚು.

"ಎಲ್ಲಾ ಆಡ್ತೀನಿ" ಎಂದೆ.

ಅಷ್ಟೇ! ಮುಂದೆ ನಾನು ಕೊಂಡದ್ದು ಲ್ಯಾಪ್‌ಟಾಪನ್ನಲ್ಲ, ಒಂದು ವಿದ್ಯುದ್ದೀಪಾಲಂಕೃತ ಮಂಟಪವನ್ನು! ಕೀಲಿಗಳ ಕೆಳಗೆ ಕೆಂಪು, ಹಸಿರು, ನೀಲಿ ದೀಪಗಳ ಮೆರವಣಿಗೆ. ಅದರ ಚಾರ್ಜರ್ ಒಂದು ಸುಟ್ಟ ಇಟ್ಟಿಗೆಯಷ್ಟು ಭಾರ. ಆನ್ ಮಾಡಿದರೆ ಒಳಗಿನ ಫ್ಯಾನು ಭರ್ರೋ ಎನ್ನುತ್ತಿತ್ತು. ಅಮ್ಮ ವಿಶಾಲಾಕ್ಷಮ್ಮ ಕಿಟಕಿಯಿಂದ ಇಣುಕಿ, "ಪಕ್ಕದ ತೋಟದೋರು ಈಗ್ಲೇ ನೀರಿನ ಮೋಟಾರ್ ಹಾಕಿದ್ರೇನೋ ಮಗ?" ಎಂದಳು. ಅದರ ಬಗಲಿನಿಂದ ಬಿಸಿಗಾಳಿ ಬರುತ್ತದೆಂದು ತಿಳಿದ ಮರುದಿನ ಅಲ್ಲೊಂದು ಮೊರದಲ್ಲಿ ಹಪ್ಪಳ ಹರಡಿದ್ದಳು. ಹಪ್ಪಳ ಚೆನ್ನಾಗಿಯೇ ಒಣಗಿತು ಎಂಬುದನ್ನು ನ್ಯಾಯಕ್ಕಾಗಿ ಹೇಳಿಬಿಡುತ್ತೇನೆ.

ದಿವ್ಯಶ್ರೀ ಮಾತ್ರ ಆ ದೀಪಗಳನ್ನು ತುಂಬಾ ಹೊತ್ತು ನೋಡಿದಳು.

"ಭಿನ್ನರಾಶಿ ಹೇಳಿಕೊಡೋಕೆ ಇಷ್ಟೆಲ್ಲಾ ಬೇಕಿತ್ತಾ?"

"ಇದರಲ್ಲಿ ರಾಕೆಟ್ಟೇ ಬಿಡಬಹುದು ಕಣೇ!"

"ನಂಗೆ ಬಿಡೋದು ಬೇಡ, ಕೆಲಸ ಹಿಡಿಯೋದು ಬೇಕು."

ಡೆಮೊ ದಿನ ಬಂತು. ಮಾರ್ಚ್ ತಿಂಗಳ ಕೊನೆ, ಮಧ್ಯಾಹ್ನ ಮೂರು ಗಂಟೆಗೆ ಪಾಠ. ಇಲ್ಲಿ ನಮ್ಮ ಊರಿನ ಒಂದು ವಿಷಯ ಹೇಳಬೇಕು. ಮಾರ್ಚಿನಲ್ಲಿ ಕಾಫಿ ಗಿಡ ಮೊಗ್ಗು ಹಿಡಿದು ಮಳೆಗೆ ಕಾಯುತ್ತಿರುತ್ತದೆ. ಒಂದು ಒಳ್ಳೆಯ ಹೂಮಳೆ ಬಿದ್ದರೆ ಬೆಟ್ಟವೆಲ್ಲ ಬೆಳ್ಳಗಾಗುತ್ತದೆ, ಇಲ್ಲದಿದ್ದರೆ ನಮ್ಮ ಮುಖ ಕಪ್ಪಗಾಗುತ್ತದೆ. ಹದಿನೈದು ದಿನದಿಂದ ನಾನು ಆಕಾಶ ನೋಡಿ ನೋಡಿ ಕತ್ತು ಉಳುಕಿಸಿಕೊಂಡಿದ್ದೆ. ಆ ದಿನ ಮಾತ್ರ ಮೊದಲ ಬಾರಿಗೆ, "ದೇವರೇ, ಮಳೆ ಕೊಡು, ಆದರೆ ನಾಲ್ಕು ಗಂಟೆ ಮೇಲೆ ಕೊಡು" ಎಂದು ಷರತ್ತು ಹಾಕಿ ಬೇಡಿಕೊಂಡೆ. ದೇವರಿಗೆ ಷರತ್ತು ಹಿಡಿಸುವುದಿಲ್ಲ.

ಮೂರಕ್ಕೆ ಸರಿಯಾಗಿ ಪರದೆಯ ಮೇಲೆ ಮೂರು ಮುಖಗಳು ಮೂಡಿದವು. ನಡುವಿನವರು ಪ್ರಿನ್ಸಿಪಾಲ್ ಮೇಡಂ. ದಿವ್ಯಶ್ರೀ ಇಸ್ತ್ರಿ ಮಾಡಿದ ಹತ್ತಿ ಸೀರೆಯಲ್ಲಿ ನೆಟ್ಟಗೆ ಕೂತು, "ಮಕ್ಕಳೇ, ಇವತ್ತು ನಾವು ಒಂದು ಇಡೀ ವಸ್ತುವನ್ನು ಭಾಗ ಮಾಡೋಣ" ಎಂದಳು. ಆಗ ಪೂರ್ವದ ಕಡೆಯಿಂದ ಗುಡುಗಿತು.

ನಮ್ಮ ಸೀಮೆಯಲ್ಲಿ ಗುಡುಗು ಎಂದರೆ ಬರೀ ಸದ್ದಲ್ಲ, ಅದೊಂದು ಆಜ್ಞೆ. ಗುಡುಗಿದೊಡನೆ ಮನೆಯ ಹಿರಿಯರು ಎದ್ದು ಎಲ್ಲ ಪ್ಲಗ್ಗುಗಳನ್ನೂ ಕೀಳಬೇಕು. ಅಮ್ಮ ಈ ಕೆಲಸದಲ್ಲಿ ಸೇನಾಧಿಪತಿ! ಹೋದ ವರ್ಷ ಒಂದೇ ಸಿಡಿಲಿಗೆ ಟಿವಿ, ಮಿಕ್ಸಿ ಎರಡೂ ಹೋದಮೇಲಂತೂ ಅವಳ ಕಿವಿ ಹವಾಮಾನ ಇಲಾಖೆಗಿಂತ ಚುರುಕಾಗಿದೆ. ಟಿವಿಯದು ಕಿತ್ತಳು. ಫ್ರಿಜ್ಜಿನದು ಕಿತ್ತಳು. ಮೋಡೆಮ್‌ನದು ಕಿತ್ತಳು. ನಾನು ಅಡ್ಡ ನಿಲ್ಲುವಷ್ಟರಲ್ಲಿ ಆ ಇಟ್ಟಿಗೆಯನ್ನೂ ಕಿತ್ತಳು. ಆಮೇಲೆ, ಎಲ್ಲಕ್ಕೂ ಮುಕುಟವಿಟ್ಟಂತೆ, ಮೈನ್ ಸ್ವಿಚ್ಚನ್ನೇ ಆರಿಸಿ ಅದರ ಕೆಳಗೆ ಸ್ಟೂಲ್ ಹಾಕಿಕೊಂಡು ಕೂತುಬಿಟ್ಟಳು.

ಪರದೆಯ ಮೇಲೆ ಮೂರು ಮುಖಗಳೂ ಬಾಯಿ ತೆರೆದಂತೆಯೇ ನಿಂತವು. ದಿವ್ಯಶ್ರೀ ಕಣ್ಣು ಮಿಟುಕಿಸುವುದರಲ್ಲಿ ತನ್ನ ಫೋನಿನ ಇಂಟರ್‌ನೆಟ್ಟಿಗೆ ಹಾರಿದಳು. ಮುಖಗಳಿಗೆ ಮತ್ತೆ ಜೀವ ಬಂತು. ಆದರೆ ಬ್ಯಾಟರಿ? ನನ್ನ ಮಹಾರಾಜ ಲ್ಯಾಪ್‌ಟಾಪಿಗೆ ಗೋಡೆಯ ಕರೆಂಟು ಬಿಟ್ಟರೆ ಗಂಟಲಲ್ಲಿ ಏನೂ ಇಳಿಯುವುದಿಲ್ಲವಂತೆ! ಎಪ್ಪತ್ತು ಇದ್ದದ್ದು ನೋಡನೋಡುತ್ತಿದ್ದಂತೆ ಐವತ್ತಕ್ಕೆ ಬಂತು.

ನಾನು ಅಮ್ಮನ ಬಳಿ ಓಡಿದೆ.

"ಅಮ್ಮಾ! ಮೈನ್ ಹಾಕು!"

"ಹಾಕಲ್ಲ. ಸಿಡಿಲು ಬಡಿದ್ರೆ?"

"ಅವಳ ಕೆಲಸ ಹೋಗುತ್ತೆ!"

"ಕೆಲಸ ಇನ್ನೊಂದು ಸಿಗುತ್ತೆ. ಸೊಸೆ ಇನ್ನೊಬ್ಬಳು ಸಿಗ್ತಾಳೇನೋ? ಅವಳ ಕೈ ಆ ಪೆಟ್ಟಿಗೆ ಮೇಲಿದೆ."

ತರ್ಕದಲ್ಲಿ ಸೋತಾಗ ನಾನು ದನಿ ಏರಿಸುವವನು. ಹೇಗೂ ಫ್ಯಾನು ಅಷ್ಟು ಸದ್ದು ಮಾಡುತ್ತಿದೆ, ಹೊರಗೆ ಹೆಂಚಿನ ಮೇಲೆ ಮಳೆ ಸುರಿಯುತ್ತಿದೆ, ಇದರ ನಡುವೆ ನನ್ನ ಮಾತು ಆ ಮೂವರಿಗೆ ಎಲ್ಲಿ ಕೇಳಬೇಕು ಎಂಬ ಧೈರ್ಯ ಬೇರೆ!

"ಅಮ್ಮಾ, ಅದು ಹೈ ಪರ್ಫಾರ್ಮೆನ್ಸ್!"

"ಏನಾದ್ರೂ ಆಗಿರ್ಲಿ. ಗುಡುಗೋವಾಗ ಪ್ಲಗ್ ಪ್ಲಗ್ಗೇ."

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಪಕ್ಕದ ತೋಟದ ರೇಣುಕಪ್ರಸಾದ್. ಮೊದಲ ಮಳೆ ಬಿದ್ದಾಗ ನಮ್ಮಲ್ಲಿ ಯಾರೂ ಯಾರ ಆರೋಗ್ಯವನ್ನೂ ಕೇಳುವುದಿಲ್ಲ. ಮಳೆಯನ್ನು ಸೆಂಟಿನ ಲೆಕ್ಕದಲ್ಲಿ ಅಳೆಯುತ್ತೇವೆ, ನೂರು ಸೆಂಟಿಗೆ ಒಂದು ಇಂಚು.

"ಎಷ್ಟು ಸೆಂಟ್ ಬಿತ್ತು ಅಣ್ಣ ನಿಮ್ಮಲ್ಲಿ?"

"ಮಾರಾಯ, ಇಲ್ಲಿ ಬ್ಯಾಟರಿ ಬೀಳ್ತಾ ಇದೆ!"

"ಏನು, ಕೇಳಿಸ್ತಿಲ್ಲ! ನಂಗಿಲ್ಲಿ ಮೂವತ್ತು ಆಯ್ತು!"

ಅವನಿಗೆ ಮೂವತ್ತು! ನನ್ನೊಳಗಿನ ಗಂಡ ಒಂದು ಕ್ಷಣ ಸತ್ತು, ಕಾಫಿ ಬೆಳೆಗಾರ ಎದ್ದು ಕೂತ. ಕೊಡೆ ಹಿಡಿದು ಅಂಗಳಕ್ಕೆ ಓಡಿ, ಮಳೆ ಅಳೆಯುವ ಡಬ್ಬಿ ನೋಡಿ, ಅಲ್ಲಿಂದಲೇ ಕೂಗಿದೆ: "ನಲವತ್ತು! ನಂದು ನಲವತ್ತು ಕಣೋ!" ಆ ಕೂಗಿಗೆ ಹಟ್ಟಿಯಲ್ಲಿದ್ದ ಕರು ಕೂಡ ಉತ್ತರ ಕೊಟ್ಟಿತು.

ಒದ್ದೆಯಾಗಿ ಒಳಗೆ ಬಂದರೆ ಬ್ಯಾಟರಿ ಇಪ್ಪತ್ತಾರು. ದಿವ್ಯಶ್ರೀಯ ಬಾಯಿ ಪಾಠ ಮಾಡುತ್ತಿತ್ತು, ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಎಡಗೈ ಮಾತ್ರ ಕೀಲಿಗಳ ಮೇಲೆ ಸದ್ದಿಲ್ಲದೆ ಓಡಾಡುತ್ತಿತ್ತು. ಮೊದಲು ಬಣ್ಣದ ದೀಪಗಳ ಮೆರವಣಿಗೆ ನಿಂತಿತು. ಆಮೇಲೆ ಪರದೆಯ ಹೊಳಪು ಕುಗ್ಗಿತು. ನಾನು ಹೆಮ್ಮೆಯಿಂದ ಹಾಕಿಟ್ಟಿದ್ದ ಪರ್ಫಾರ್ಮೆನ್ಸ್ ಮೋಡ್ ಹೋಗಿ ಬ್ಯಾಟರಿ ಉಳಿಸುವ ಮೋಡ್ ಬಂತು. ಫ್ಯಾನು ಉಸಿರು ಕಟ್ಟಿದಂತೆ ಸುಮ್ಮನಾಯಿತು. ಸಾಲ ಮಾಡದಿದ್ದರೂ ಹೊಟ್ಟೆ ಕಟ್ಟಿ ತಂದಿದ್ದ ಒಂದೊಂದು ಗುಣವನ್ನೂ ನನ್ನ ಕಣ್ಣೆದುರೇ ಅವಳು ಒಂದೊಂದಾಗಿ ಆರಿಸಿದಳು. ಕೊನೆಗೆ ಮೇಜಿನ ಮೇಲೆ ಉಳಿದದ್ದು, ಸ್ವಾಮಿ, ಒಂದು ಅಪ್ಪಟ ಬಜೆಟ್ ಲ್ಯಾಪ್‌ಟಾಪ್! ಅದೂ ಹಳೇ ಮಾಡೆಲ್ಲು!

ಸ್ಲೈಡುಗಳನ್ನೂ ಮುಚ್ಚಿದಳು. ಪರದೆಯಿಂದ ಕಣ್ಣು ತೆಗೆಯದೆಯೇ, ಮೆತ್ತಗೆ, "ಅತ್ತೆ, ಒಂದು ಅಕ್ಕಿರೊಟ್ಟಿ ಕೊಡಿ" ಎಂದಳು.

ಅಮ್ಮ ಸ್ಟೂಲ್ ಬಿಟ್ಟು ಎದ್ದಳು. ಇದೇ ಸಮಯ ಎಂದು ನಾನು ಮೈನ್ ಸ್ವಿಚ್ಚಿಗೆ ಕೈ ಹಾಕಿದೆ. ಅಡಿಗೆಮನೆಯಿಂದಲೇ, "ಮುಟ್ಟಿದ್ರೆ ನೋಡು!" ಎಂದು ಬಂತು. ಮುಟ್ಟಲಿಲ್ಲ.

ಅಮ್ಮ ರೊಟ್ಟಿ ತಂದಳು. "ಚಟ್ನಿ ಬೇಡ್ವಾ?" ಎಂದು ಪಿಸುಗುಟ್ಟಿದಳು. ಬೇಡವಾಗಿತ್ತು. ದಿವ್ಯಶ್ರೀ ರೊಟ್ಟಿಯನ್ನು ಎತ್ತಿ ಹಿಡಿದು, ಎರಡು ಮಾಡಿ, ನಾಲ್ಕು ಮಾಡಿ, "ಈಗ ಅಜ್ಜಿಗೆ ನಾಲ್ಕರಲ್ಲಿ ಒಂದು, ಉಳಿದದ್ದೆಷ್ಟು?" ಎಂದು ಕೇಳಿದಳು. ಪರದೆಯ ಮೇಲಿನ ಮೂವರೂ, ಆ ವಯಸ್ಸಿನ ಆ ದೊಡ್ಡವರು, ಒಟ್ಟಿಗೆ "ಮುಕ್ಕಾಲು!" ಎಂದರು. ನಾನು ಹೊಸಿಲಲ್ಲಿ ನಿಂತು ನೀರು ತೊಟ್ಟಿಕ್ಕಿಸುತ್ತಾ ನೋಡುತ್ತಿದ್ದೆ. ಅಷ್ಟು ವರ್ಷ ಎಲ್ಲಿಟ್ಟಿದ್ದಳೋ ಆ ದನಿಯನ್ನು! "ಧನ್ಯವಾದ ಮಕ್ಕಳೇ" ಎಂದಾಗ ಬ್ಯಾಟರಿ ನಾಲ್ಕು. ಮೂರು ಮುಖಗಳೂ ಮಾಯವಾದವು, ಪರದೆ ಕಪ್ಪಾಯಿತು.

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. "ಆಯ್ತೋ ಇಲ್ವೋ ಗೊತ್ತಿಲ್ಲ" ಎಂದಳು. ರೊಟ್ಟಿಯ ಕಾಲು ಭಾಗ ನನಗೆ ಕೊಟ್ಟಳು. ಅದನ್ನು ಹಿಡಿದುಕೊಂಡೇ ಬಾಗಿಲಿಗೆ ಬಂದೆ. ಹೊರಗೆ ಮಳೆ ನಿಂತು ಮಣ್ಣಿನ ವಾಸನೆ ಏಳುತ್ತಿತ್ತು. ಬೇರೆ ವರ್ಷವಾಗಿದ್ದರೆ ಊರಿಗೆಲ್ಲ ಫೋನು ಮಾಡುತ್ತಿದ್ದೆ.

ಮರುದಿನ ಬೆಳಿಗ್ಗೆ ಪ್ರಿನ್ಸಿಪಾಲ್ ಮೇಡಂ ಫೋನು! ದಿವ್ಯಶ್ರೀ ಸ್ಪೀಕರ್ ಒತ್ತಿದಳು. ಅಮ್ಮನೂ ಬಂದು ನಿಂತಳು.

"ಜೂನ್‌ನಿಂದ ಬನ್ನಿ ದಿವ್ಯಶ್ರೀ. ಮೂವರೂ ಒಪ್ಪಿದ್ದೇವೆ."

ಅಬ್ಬಾ! ಎದೆಯ ಮೇಲಿದ್ದ ಆ ಇಟ್ಟಿಗೆ ಇಳಿಯಿತು. ಅಮ್ಮ ಕೈ ಮುಗಿದಳು. ನಾನು ಕಣ್ಣೊರೆಸಿಕೊಂಡು, ಇನ್ನೇನು ಲ್ಯಾಪ್‌ಟಾಪಿನ ಗುಣಗಾನ ಶುರುಮಾಡಬೇಕು, ಅಷ್ಟರಲ್ಲಿ ಮೇಡಮ್ಮೇ ಅದಕ್ಕೆ ಬಂದರು.

"ನಿಮ್ಮ ಲ್ಯಾಪ್‌ಟಾಪ್ ತುಂಬಾ ಚೆನ್ನಾಗಿದೆ. ನಿಮ್ಮ ಕಡೆ ನಿನ್ನೆ ಅಷ್ಟು ಮಳೆ ಬಂತಂತೆ, ಗುಡುಗಿತಂತೆ. ನಮಗೆ ಒಂದು ಹನಿ ಸದ್ದೂ ಕೇಳಿಸಲಿಲ್ಲ. ಬೇಡದ ಸದ್ದನ್ನೆಲ್ಲ ಅದೇ ಸೋಸಿಬಿಟ್ಟಿದೆ."

ನಾನು ದಿವ್ಯಶ್ರೀ ಕಡೆ ನೋಡಿದ ನೋಟದಲ್ಲಿ ಇಡೀ ಸಿದ್ಧಾಂತವೇ ಇತ್ತು.

"ಮನುಷ್ಯರ ದನಿ ಮಾತ್ರ ಅದು ಸೋಸಲ್ಲ ನೋಡಿ" ಎಂದು ಮೇಡಂ ಮುಂದುವರಿಸಿದರು. "ಹಿಂದೆ ಒಬ್ಬರು ಗಂಡಸರು ಕೂಗ್ತಾನೇ ಇದ್ರು. ಮೈನ್ ಹಾಕು ಅಂತ, ನಂದು ನಲವತ್ತು ಅಂತ. ನೀವು ಒಂದ್ಸಲನೂ ತಡವರಿಸಲಿಲ್ಲ, ತಿರುಗಿ ನೋಡಲಿಲ್ಲ! ಅದನ್ನ ನೋಡಿಯೇ ನಾವು ತೀರ್ಮಾನ ಮಾಡಿದ್ದು. ನಮ್ಮ ಎಂಟನೇ ಕ್ಲಾಸ್ ಬಿ ಸೆಕ್ಷನ್‌ನಲ್ಲಿ ಯಾವ ಟೀಚರೂ ಒಂದು ತಿಂಗಳು ನಿಲ್ತಾ ಇಲ್ಲ. ಅಲ್ಲಾ, ಇಷ್ಟು ವರ್ಷ ಅನುಭವ ಇಲ್ಲ ಅಂತ ಬರೆದಿದ್ದೀರಲ್ಲ, ಇಂಥ ಗಲಾಟೆ ನಡುವೆ ಕೆಲಸ ಮಾಡೋ ಅಭ್ಯಾಸ ಎಲ್ಲಿಂದ ಬಂತು?"

ದಿವ್ಯಶ್ರೀ ನನ್ನನ್ನು ಅಡಿಯಿಂದ ಮುಡಿಯವರೆಗೆ ಪ್ರೀತಿಯಿಂದ ನೋಡಿದಳು.

"ಅನುಭವ ಇಲ್ಲದೇ ಇದ್ದದ್ದು ಶಾಲೆಯಲ್ಲಿ ಮೇಡಂ" ಎಂದಳು. "ಮನೇಲಿ ಒಂದು ದಿನವೂ ರಜೆ ಇರಲಿಲ್ಲ."

ನಾನು ಉತ್ತರ ಕೊಡಲು ಬಾಯಿ ತೆರೆದೆ. ಸ್ಪೀಕರ್ ಆನ್ ಇರುವುದು ನೆನಪಾಯಿತು. ಮುಚ್ಚಿಕೊಂಡೆ.