ಢಂ ಎನ್ನದ ರಿವಾಲ್ವರ್

ಹೊಟ್ಟೆಕಿಚ್ಚು ನನ್ನ ಸ್ವಭಾವದಲ್ಲೇ ಇಲ್ಲ. ಹೊನ್ನಾಳಿಯ ಡ್ರಿಲ್ ಮೇಷ್ಟ್ರು ರುದ್ರಪ್ಪನವರ ವಿಷಯ ಒಂದನ್ನು ಬಿಟ್ಟು!

ಎಪ್ಪತ್ತರ ದಶಕದ ಮಾತು. ನಾನು ನ್ಯಾಮತಿ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಪ್ರತಿ ವರ್ಷ ಚಳಿಗಾಲದಲ್ಲಿ ಹೊನ್ನಾಳಿಯಲ್ಲಿ ತಾಲೂಕು ಕ್ರೀಡಾಕೂಟ. ಓಟ ಶುರು ಮಾಡಿಸುವ ರಿವಾಲ್ವರ್ ಇದ್ದದ್ದು ರುದ್ರಪ್ಪನವರ ಶಾಲೆಯಲ್ಲಿ ಮಾತ್ರ. ಗುಂಡಿಲ್ಲ, ಬರೀ ಕೇಪಿನ ಸದ್ದು. ಬಿಳಿ ಪ್ಯಾಂಟು ಹಾಕಿದ ಅವರು ಕಪ್ಪು ಪರದೆಯ ಮುಂದೆ ಸ್ಟೂಲಿನ ಮೇಲೆ ನಿಂತು ಕೈಯೆತ್ತಿದರೆ, ಢಂ! ಹುಡುಗರು ಓಡುತ್ತಿದ್ದರು, ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನು ಒಂದು ಮೂಲೆಯಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದೆ.

"ಎಷ್ಟು ಚೆಂದ ಹೊಡೀತಾರೆ ನೋಡ್ರಿ ಅವ್ರು," ಎಂದಳು ಒಮ್ಮೆ ನನ್ನ ಹೆಂಡತಿ ಗೌರಮ್ಮ. ಅಂದು ನನಗೆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಒಂದೇ ಒಂದು ಸಲ ಇವಳೆದುರು ಆ ಸ್ಟೂಲು ಹತ್ತಿ ಢಂ ಅನ್ನಿಸಬೇಕು! ಬೇರೇನೂ ಬೇಡ.

ಹನ್ನೊಂದನೆಯ ವರ್ಷ ದೇವರು ಕಣ್ಣು ಬಿಟ್ಟ. ಕ್ರೀಡಾಕೂಟದ ದಿನವೇ ಜಗಳೂರಿನಲ್ಲಿ ರುದ್ರಪ್ಪನವರ ಭಾವಮೈದುನನ ಮದುವೆ ಬಿತ್ತು. ಒಂದು ವಾರ ಮೊದಲೇ ರಿವಾಲ್ವರನ್ನು ಟವೆಲಿನಲ್ಲಿ ಸುತ್ತಿ ನನ್ನ ಕೈಗಿತ್ತರು.

"ಮೇಷ್ಟ್ರೇ, ಇದು ಸ್ವಲ್ಪ ಮೊಂಡು ಐತೆ. ನಮ್ಮ ಪ್ಯೂನ್ ಹಾಲೇಶಪ್ಪನ್ನ ಹತ್ರ ಇಟ್ಕೊಳ್ರಿ. ಅವನಿಗೆ ಎಲ್ಲಾ ಗೊತ್ತೈತೆ."

ಮೈಯೆಲ್ಲ ಉರಿಯಿತು. ನನಗೆ ಪ್ಯೂನನ ಕಾವಲೇ? ತಮಗಿಂತ ಚೆನ್ನಾಗಿ ಹೊಡೆದುಬಿಟ್ಟೇನೆಂಬ ಭಯ ಇವರಿಗೆ!

ಮನೆಗೆ ತಂದು ಪರೀಕ್ಷಿಸಿದೆ. ಕೇಪಿಗೆ ಬಡಿಯುವ ಹಿಂದಿನ ಕುದುರೆಯನ್ನು ಪ್ರತಿ ಸಲ ಹೆಬ್ಬೆರಳಿನಿಂದ ಎಳೆಯಬೇಕು. ಆಗ ಕೇಪು ಕೂರುವ ಆರು ಮನೆಗಳ ಉರುಳೆ ಸರಿಯಾಗಿ ಒಂದು ಮನೆ ತಿರುಗಬೇಕು. ಇದು ಮುಕ್ಕಾಲು ಮನೆ ತಿರುಗಿ ನಿಂತುಬಿಡುತ್ತಿತ್ತು. ಟ್ರಿಗರ್ ಒತ್ತಿದರೆ ಕುದುರೆ ಬೀಳುತ್ತಿದ್ದದ್ದು ಎರಡು ಕೇಪುಗಳ ನಡುವೆ. ಟಿಕ್! ಅವರ ಕೈಯಲ್ಲಿ ಹತ್ತು ವರ್ಷ ಢಂ ಅಂದದ್ದು ನನ್ನ ಕೈಯಲ್ಲಿ ಟಿಕ್! ಬೇಕೆಂದೇ ಕೆಡಿಸಿ ಕೊಟ್ಟಿದ್ದಾರೆ ಎಂದು ತೀರ್ಮಾನಿಸಿದೆ.

"ಸೈಕಲ್ ಚೈನ್ ಹಾಕಾಕೇ ಬರಲ್ಲ ನಿಮಗೆ. ಇದನ್ಯಾಕೆ ಬಿಚ್ತೀರಿ?" ಎಂದಳು ಗೌರಮ್ಮ.

ಬಿಚ್ಚಿದೆ. ಉರುಳೆಯನ್ನು ತಳ್ಳುವ ಸಣ್ಣ ಕೊಕ್ಕೆ ಸವೆದಿತ್ತು. ಅದರ ಹಿಂದೆ ಸೈಕಲ್ ಟ್ಯೂಬಿನ ಚೂರು ಇಟ್ಟೆ. ಉರುಳೆ ಒಂದೂಕಾಲು ಮನೆ ತಿರುಗಿತು! ಚೂರನ್ನು ಕೊಯ್ದು ಅರ್ಧ ಮಾಡಿದೆ. ಈಗ ಅಲ್ಲಾಡಲೇ ಇಲ್ಲ. ಕೊನೆಗೆ ಧಾರಾಳವಾಗಿ ಕೊಬ್ಬರಿ ಎಣ್ಣೆ ಬಿಟ್ಟೆ. ಆಹಾ! ಆರು ಮನೆಯೂ ಅಚ್ಚುಕಟ್ಟಾಗಿ ಬಂದವು. ಇದ್ದದ್ದು ಒಂದೇ ಡಬ್ಬಿ ಕೇಪು, ಆದ್ದರಿಂದ ಹೊಡೆದು ನೋಡಲಿಲ್ಲ.

ಕ್ರೀಡಾಕೂಟದ ಬೆಳಿಗ್ಗೆ ಹೊಸ ಬಿಳಿ ಪ್ಯಾಂಟು ಹಾಕಿ ಸ್ಟೂಲು ಹತ್ತಿದೆ. ಹಾಲೇಶಪ್ಪ ಗೋಣಿಚೀಲ ಹಿಡಿದು ಬಂದ.

"ಸಾರ್, ನಾನು ಪರದೆ ಹಿಂದೆ ಕುಂತಿರ್ತೀನಿ."

"ಏನೂ ಬ್ಯಾಡ. ಹೋಗಿ ಹುಡುಗ್ರಿಗೆ ನೀರು ಕೊಡು!"

"ಅಲ್ಲ ಸಾರ್..."

"ಹೋಗಯ್ಯಾ!"

ಗೌರಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದಳು. ಆನ್ ಯುವರ್ ಮಾರ್ಕ್... ಗೆಟ್ ಸೆಟ್... ಟಿಕ್!

ಮತ್ತೆ ಕುದುರೆ ಎಳೆದೆ. ಟಿಕ್! ಬಗ್ಗಿದ ಎಂಟು ಹುಡುಗರು ಬಗ್ಗಿಯೇ ಇದ್ದರು. ಚಳಿಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆಂಬುದು ತಲೆಗೆ ಹಚ್ಚಿಕೊಳ್ಳುವವರಿಗೆಲ್ಲ ಗೊತ್ತು. ನನ್ನ ತಲೆಗೂ ಎಣ್ಣೆಗೂ ಸಂಬಂಧ ಕಡಿದು ವರ್ಷಗಳಾಗಿದ್ದವು. ಮೂರನೆಯ ಸಲ ಎಳೆದ ಕುದುರೆ ಮೇಲೆಯೇ ಸಿಕ್ಕಿಕೊಂಡಿತು. ಒಬ್ಬ ಹುಡುಗ ಮುಗ್ಗರಿಸಿದ. ಜನ ನಕ್ಕರು. ಸಿಟ್ಟಿನಲ್ಲಿ ರಿವಾಲ್ವರನ್ನು ತೊಡೆಗೆ ಕುಟ್ಟಿದೆ.

ಢಂ!

ಪ್ಯಾಂಟು ತೂತಾಯಿತು. ಸ್ಟೂಲು ಮಗುಚಿತು. ನಾನು ಸುಣ್ಣದ ಬಕೆಟ್ಟಿಗೆ ಬಿದ್ದೆ. ಹುಡುಗರು ಓಡಿದರು ನಿಜ, ಆದರೆ ಮುಖ್ಯ ಅತಿಥಿಗಳು ಅವರಿಗಿಂತ ಮುಂದಿದ್ದರು!

ಹಾಲೇಶಪ್ಪ ನನ್ನನ್ನು ಎಬ್ಬಿಸಿ ಸುಣ್ಣ ಒರೆಸಿದ. "ಸಾರ್, ಇದು ಬಂದಾಗಿಂದ ಢಂ ಅಂದಿದ್ದು ಇವತ್ತೇ ಮೊದ್ಲು. ನಮ್ಮ ಮೇಷ್ಟ್ರು ಬರೇ ಕೈ ಎತ್ತೋರು. ಹೊಡೆಯೋನು ನಾನು," ಎನ್ನುತ್ತ ಗೋಣಿಚೀಲದಿಂದ ಎರಡು ಹಲಗೆ ತೆಗೆದ.

ಹತ್ತು ವರ್ಷ ನಾನು ಹೊಟ್ಟೆ ಉರಿಸಿಕೊಂಡದ್ದು ಎರಡು ಮಾವಿನ ಹಲಗೆಗಳ ಮೇಲೆ!

ಮುಖ್ಯೋಪಾಧ್ಯಾಯರು ಅವನನ್ನೇ ಸ್ಟೂಲು ಹತ್ತಿಸಿದರು. ಹಲಗೆಗೆ ಹಲಗೆ ಬಡಿದ. ಎಂಥ ಢಂ! ಜನ ಚಪ್ಪಾಳೆ ತಟ್ಟಿದರು. ನಾನು ಅಳಿಸಿಹೋದ ಗೆರೆಯನ್ನು ಮತ್ತೆ ಎಳೆಯಲು ಹೋದೆ.

ಮನೆಯಲ್ಲಿ ಊಟಕ್ಕೆ ಬಡಿಸುತ್ತ ಗೌರಮ್ಮ ಅಂದಳು: "ಎಷ್ಟು ಚೆಂದ ಹೊಡೀತಾನೆ ನೋಡ್ರಿ ಆ ಹಾಲೇಶಪ್ಪ!"

ಅಂದೂ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ.